ಗೇರ್ ವೈರ್ ಹರಿಯೋ ಮುಂಚೆ

ಹುನಗುಂದ ದಾಟಿ ಇಳಕಲ್ ಕಡೆಗೆ ಐದಾರು ಕಿಲೋಮೀಟರ್ ಹೋಗಿದ್ದೆವು. ಹ್ಯಾಂಡಲ್ ಒಳಗಿಂದ 'ಟಿಕ್' ಅಂತ ಒಂದು ಸದ್ದು. ದೊಡ್ಡದೇನಲ್ಲ, ಪೆನ್ಸಿಲ್ ಮೊನೆ ಮುರಿದಂಥ ಸದ್ದು. ಅದರ ಹಿಂದೆಯೇ ಚೈನ್ ಖಡಖಡ ಅಂತ ಜಾರಿ ಹಿಂದಿನ ಅತಿ ಸಣ್ಣ ಗೇರ್ ಚಕ್ರಕ್ಕೆ ಹೋಗಿ ಕೂತಿತು. ಲಿವರ್ ಒತ್ತಿದರೆ ಒಳಗೆ ಏನೋ ಕರಕರ ಅಂತಿತ್ತು, ಹಿಂದೆ ಏನೂ ಅಲುಗಲಿಲ್ಲ. ಮುಂದೆ ಏರು, ಎದುರಿಗೆ ಗಾಳಿ, ಪಕ್ಕದಲ್ಲಿ ಗ್ರಾನೈಟ್ ಕಲ್ಲು ಹೇರಿಕೊಂಡು ಹೋಗುವ ಲಾರಿಗಳು.

ಗೇರ್ ವೈರ್ ಹರಿದಿತ್ತು. ಸೈಕಲ್ ನಮ್ಮದಲ್ಲ.

ನಾವು ಅಂದರೆ ಮೆಕ್ಯಾನಿಕಲ್ ಎರಡನೇ ವರ್ಷದ ನಾಲ್ಕು ಜನ. ಭಾನುವಾರ ಸೈಕಲ್ ತಗೊಂಡು ಊರು ಸುತ್ತೋದು ನಮ್ಮ ಚಟ. ಮೂವರ ಹತ್ತಿರ ಸಾಧಾರಣ ಸೈಕಲ್. ನಾಲ್ಕನೆಯದು ನಮ್ಮಲ್ಲೊಬ್ಬನ ದೊಡ್ಡಪ್ಪನ ಮಗಳದ್ದು, ರೇಸ್ ಸೈಕಲ್. ವಿಜಯಪುರ, ಬಾಗಲಕೋಟೆ ಸೀಮೆ ಸೈಕ್ಲಿಂಗ್‌ಗೆ ಹೆಸರಾದದ್ದು ಓದುಗರಿಗೆ ಗೊತ್ತೇ ಇದೆ. ಬೆಳಿಗ್ಗೆ ಆರಕ್ಕೆ ನವನಗರದ ರಸ್ತೆಗೆ ಬಂದರೆ ಹೆಲ್ಮೆಟ್ ಹಾಕಿಕೊಂಡು ಸಾಲಾಗಿ ಹೋಗುವ ಹುಡುಗ ಹುಡುಗಿಯರು ಕಾಣಿಸ್ತಾರೆ. ಅಕ್ಕ ಅವರಲ್ಲೊಬ್ಬಳು. ಅವಳಿಗೆ ಡಿಗ್ರಿ ಪರೀಕ್ಷೆ ಇತ್ತು, ಎರಡು ವಾರ ಸೈಕಲ್ ಸುಮ್ಮನೆ ನಿಂತಿರುತ್ತೆ ಅಂತ ಬೇಡಿಕೊಂಡು ತಂದಿದ್ದೆವು. "ಬಾದಾಮಿ ತನಕ ಹೋಗಿ ಬರ್ರಿ, ಅದರ ಆಚೆ ಬ್ಯಾಡ. ಪರೀಕ್ಷೆ ಮುಗಿದ ಮ್ಯಾಲೆ ಹತ್ತು ದಿನಕ್ಕ ಟ್ರಯಲ್ ಐತಿ" ಅಂದಿದ್ದಳು. ರಾಜ್ಯ ತಂಡದ ಆಯ್ಕೆ ಟ್ರಯಲ್. ಬಾದಾಮಿ ಆಯಿತು. ಮುಂದಿನ ಭಾನುವಾರ ಅವಳಿಗೆ ಹೇಳದೆ ಇಳಕಲ್‌ಗೆ ಹೊರಟೆವು.

ಈ ಲೇಖನ ಆ ವೈರಿನ ಬಗ್ಗೆ. ಅದು ಯಾಕೆ ಹರಿಯಿತು, ಹರಿಯುವ ಮೊದಲು ನಮಗೆ ಏನೇನು ಹೇಳಿತು, ನಮಗೆ ಯಾಕೆ ಕೇಳಲಿಲ್ಲ. ನಿಮ್ಮ ಹತ್ತಿರ ಗೇರ್ ಸೈಕಲ್ ಇದ್ದರೆ ಓದುತ್ತಾ ಓದುತ್ತಾ ಒಮ್ಮೆ ಎದ್ದು ಹೋಗಿ ಅದನ್ನು ನೋಡಿ ಬರಬಹುದು.

ಮೊದಲು ಆ ವೈರ್ ಏನು ಅಂತ ನೋಡೋಣ. ಸೈಕಲ್ಲಿನ ಬ್ರೇಕ್, ಗೇರ್ ಎರಡೂ ನಡೆಯೋದು ಬೌಡೆನ್ ಕೇಬಲ್ ಮೇಲೆ. ಅರ್ನೆಸ್ಟ್ ಬೌಡೆನ್ ಅನ್ನುವವರು 1896ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಒಳಗೊಂದು ಉಕ್ಕಿನ ವೈರ್, ಮೇಲೆ ಒಂದು ಗಟ್ಟಿ ಕೊಳವೆ. ಅಂಗಡಿಯವರು ಇದನ್ನು ಇನ್ನರ್, ಔಟರ್ ಅಂತಾರೆ. ಇನ್ನರ್ ಎಳೆಯುತ್ತದೆ, ಔಟರ್ ಅಷ್ಟೇ ಬಲದಲ್ಲಿ ಒತ್ತುತ್ತದೆ. ಹೀಗಾಗಿ ಹ್ಯಾಂಡಲ್ ಯಾವ ಕಡೆ ತಿರುಗಿದರೂ, ವೈರ್ ಎಷ್ಟು ಸೊಟ್ಟ ಹೋದರೂ, ಈ ತುದಿಯಲ್ಲಿ ಎಳೆದಷ್ಟೇ ಆ ತುದಿಯಲ್ಲಿ ಬರುತ್ತದೆ. ಮೋಟರ್‌ಸೈಕಲ್ಲಿನ ಕ್ಲಚ್ ಕೂಡ ಇದೇ.

ಗೇರಿನ ಇನ್ನರ್ ದಪ್ಪ 1.2 ಮಿ.ಮೀ. ಬ್ರೇಕಿನದು 1.5 ಅಥವಾ 1.6. ಕಣ್ಣಿಗೆ ಒಂದೇ ತಂತಿಯ ಹಾಗೆ ಕಂಡರೂ ಗೇರಿನ ಇನ್ನರ್‌ನಲ್ಲಿ ಸಾಮಾನ್ಯವಾಗಿ 19 ಎಳೆ ಇರುತ್ತವೆ. ನಡುವೆ ಒಂದು, ಅದರ ಸುತ್ತ 6, ಅದರ ಸುತ್ತ 12. ಅಡ್ಡಕ್ಕೆ ಎಣಿಸಿದರೆ ಐದು ಎಳೆ, ಅಂದರೆ ಒಂದು ಎಳೆಯ ದಪ್ಪ ಸುಮಾರು 0.24 ಮಿ.ಮೀ. ಲಿವರ್ ಕಡೆಯ ತುದಿಯಲ್ಲಿ ಒಂದು ಸಣ್ಣ ಲೋಹದ ಗುಂಡು ಇರುತ್ತದೆ, ಅದು ಲಿವರ್ ಒಳಗಿನ ಗಾಲಿಯಲ್ಲಿ ಸಿಕ್ಕಿಕೊಂಡಿರುತ್ತದೆ. ಲಿವರ್ ಒತ್ತಿದಾಗ ಆ ಗಾಲಿ ಒಂದು ಹಲ್ಲು ತಿರುಗಿ ವೈರನ್ನು ಸುತ್ತಿಕೊಳ್ಳುತ್ತದೆ. ಇನ್ನೊಂದು ತುದಿ ಹಿಂದಿನ ಡಿರೇಲರ್‌ಗೆ ಬೋಲ್ಟ್ ಹಾಕಿ ಬಿಗಿದಿರುತ್ತದೆ.

ಒಂದು ಹಲ್ಲು ಅಂದರೆ ಎಷ್ಟು? ಸೈಕಲ್ಲಿನ ಗೇರಿನಲ್ಲಿ ನಮಗೆ ಬಹಳ ಇಷ್ಟವಾದ ಲೆಕ್ಕ ಇದು. ಹಿಂದೆ 8 ಗೇರ್ ಇರುವ ಬಹಳಷ್ಟು ಸೈಕಲ್ಲುಗಳಲ್ಲಿ ಒಂದು ಕ್ಲಿಕ್‌ಗೆ ವೈರ್ ಸುಮಾರು 2.8 ಮಿ.ಮೀ. ಸರಿಯುತ್ತದೆ. ಡಿರೇಲರ್ ಅದನ್ನು 1.7 ಪಟ್ಟು ಮಾಡಿ ಚೈನನ್ನು ಅಡ್ಡಕ್ಕೆ 4.8 ಮಿ.ಮೀ. ತಳ್ಳುತ್ತದೆ. ಪಕ್ಕಪಕ್ಕದ ಎರಡು ಗೇರ್ ಚಕ್ರಗಳ ನಡುವಿನ ಅಂತರವೂ ಸರಿಯಾಗಿ 4.8. ಹಳೆಯ ಗೇರ್ ಸೈಕಲ್ಲಿನಲ್ಲಿ ಈ ಕ್ಲಿಕ್ ಇರಲಿಲ್ಲ. ಸವಾರ ಲಿವರನ್ನು ಅಂದಾಜಿನ ಮೇಲೆ ಸರಿಸಿ, ಚೈನಿನ ಸದ್ದು ಕೇಳಿ, ಸ್ವಲ್ಪ ಹಿಂದೆ ಮುಂದೆ ಮಾಡಿ ಹೊಂದಿಸಿಕೊಳ್ಳಬೇಕಿತ್ತು. 1984ರಲ್ಲಿ ಶಿಮಾನೋ ಕಂಪನಿ ತನ್ನ ಡ್ಯೂರಾ-ಏಸ್ ಸೆಟ್‌ನಲ್ಲಿ ಕ್ಲಿಕ್ ಪದ್ಧತಿ ತಂದ ಮೇಲೆ ಎಲ್ಲರದ್ದೂ ಹಾಗೇ ಆಯಿತು. ಸವಾರನಿಗೆ ಸುಲಭವಾಯಿತು, ವೈರ್‌ಗೆ ಕಷ್ಟವಾಯಿತು. ವೈರ್ ಅರ್ಧ ಮಿಲಿಮೀಟರ್ ಸಡಿಲ ಆದರೆ ಡಿರೇಲರ್ 0.85 ಮಿ.ಮೀ. ತಪ್ಪಿದ ಜಾಗದಲ್ಲಿ ನಿಲ್ಲುತ್ತದೆ, ಚೈನ್ ಕಟಕಟ ಅನ್ನಲು ಶುರು ಮಾಡುತ್ತದೆ.

ಬಾದಾಮಿ ದಾರಿಯಲ್ಲಿ ಆ ಕಟಕಟ ನಮಗೆ ಕೇಳಿಸಿತ್ತು.

ಗುಳೇದಗುಡ್ಡದ ಮೇಲಿಂದ ಹೋಗಿದ್ದೆವು. ಕೆಂಪು ಕಲ್ಲಿನ ಗುಡ್ಡಗಳ ನಡುವೆ ರಸ್ತೆ ಏರ್ತದೆ, ಇಳೀತದೆ, ಗೇರ್ ಬದಲಿಸುತ್ತಲೇ ಇರಬೇಕು. ಏರಿನಲ್ಲಿ ಹಗುರ ಗೇರ್‌ಗೆ, ಅಂದರೆ ಹಿಂದಿನ ದೊಡ್ಡ ಚಕ್ರಕ್ಕೆ ಹಾಕಿದರೆ ಚೈನ್ ಹತ್ತಲು ಅನುಮಾನಿಸುತ್ತಿತ್ತು. ಎರಡನೇ ಸಲ ಸ್ವಲ್ಪ ಜೋರಾಗಿ ಒತ್ತಿದರೆ ಹತ್ತುತ್ತಿತ್ತು. ನಮ್ಮಲ್ಲೊಬ್ಬ ವಿಡಿಯೋ ನೋಡಿ ಕಲಿತ ಪಂಡಿತ. "ಟೆನ್ಷನ್ ಕಡಿಮೆ ಆಗೇದ" ಅಂತ ಹೇಳಿ, ಡಿರೇಲರ್ ಹತ್ತಿರ ಔಟರ್ ಸೇರುವಲ್ಲಿ ಇರುವ ಸಣ್ಣ ತಿರುಪನ್ನು ಅರ್ಧ ಸುತ್ತು ಬಿಚ್ಚಿದ. ಆ ತಿರುಪು ಬಿಚ್ಚಿದರೆ ಔಟರ್ ಉದ್ದ ಆದ ಹಾಗೆ, ಇನ್ನರ್ ಬಿಗಿಯಾಗುತ್ತದೆ. ಅದರ ಮರೆ ಎಂ5, ಪಿಚ್ 0.8 ಮಿ.ಮೀ. ಅರ್ಧ ಸುತ್ತಿಗೆ 0.4 ಮಿ.ಮೀ. ಸರಿ ಹೋಯಿತು. ಬಾದಾಮಿಯಲ್ಲಿ ಅಗಸ್ತ್ಯ ತೀರ್ಥದ ದಡದಲ್ಲಿ ಕೂತು ಎಲ್ಲರೂ ಅವನ ಬೆನ್ನು ತಟ್ಟಿದೆವು. ವಾಪಸ್ ಬರುವಾಗ ಮತ್ತೆ ಅದೇ ಕಟಕಟ. ಮತ್ತೆ ಅರ್ಧ ಸುತ್ತು. ಆ ವಾರ ಕಾಲೇಜಿಗೆ ಓಡಾಡುವಾಗ ಇನ್ನೊಂದು ಅರ್ಧ ಸುತ್ತು. ಇಳಕಲ್‌ಗೆ ಹೊರಟ ದಿನ ಅಮೀನಗಡದಲ್ಲಿ ಕರದಂಟು ತಿನ್ನಲು ನಿಂತಾಗ ಮತ್ತೊಂದು. ಒಟ್ಟು ಎರಡು ಸುತ್ತು, 1.6 ಮಿ.ಮೀ.

ಇಲ್ಲಿಯೇ ನಾವು ತಪ್ಪಿದ್ದು. ಹೊಸ ವೈರ್ ಹಾಕಿದ ಮೊದಲ ವಾರ ಸಡಿಲ ಆಗೋದು ಸಹಜ, ಔಟರ್ ತುದಿಗಳು ತಮ್ಮ ಜಾಗದಲ್ಲಿ ಒತ್ತಿ ಕೂರುತ್ತವೆ. ಆದರೆ ವರ್ಷಗಟ್ಟಲೆ ಹಳೆಯ ವೈರ್ ಇದ್ದಕ್ಕಿದ್ದ ಹಾಗೆ ವಾರಕ್ಕೆ 1.6 ಮಿ.ಮೀ. ಯಾಕೆ ಉದ್ದ ಆಗಬೇಕು? ಉಕ್ಕು ಹಾಗೆ ಸುಮ್ಮನೆ ಬೆಳೆಯೋದಿಲ್ಲ. ಒಳಗೆ ಎಲ್ಲೋ ಎಳೆಗಳು ಒಂದೊಂದಾಗಿ ಹರಿಯುತ್ತಿವೆ, ಉಳಿದ ಎಳೆಗಳು ಹೊಸೆತ ಬಿಚ್ಚಿಕೊಂಡು ನೆಟ್ಟಗಾಗುತ್ತಿವೆ ಅಂತಲೇ ಅದರ ಅರ್ಥ. ತಿರುಪು ತಿರುಗಿಸಿ ನಾವು ಕಾಯಿಲೆ ವಾಸಿ ಮಾಡಲಿಲ್ಲ, ಜ್ವರಕ್ಕೆ ಮಾತ್ರೆ ಕೊಟ್ಟೆವು.

ಅಕ್ಕ ಆಮೇಲೆ ಹೇಳಿಕೊಟ್ಟ ಒಂದು ವಿಷಯ ಇದೆ. ಗೇರ್ ಸರಿಯಾಗಿ ಬೀಳದಿದ್ದರೆ ಮೊದಲು ಯಾವ ದಿಕ್ಕಿಗೆ ಬೀಳುತ್ತಿಲ್ಲ ಅಂತ ನೋಡಬೇಕು. ಸಣ್ಣ ಚಕ್ರದಿಂದ ದೊಡ್ಡದಕ್ಕೆ ಹೋಗುವಾಗ ಕೆಲಸ ಮಾಡೋದು ನಮ್ಮ ಬೆರಳು, ವೈರ್ ಎಳೆಯುತ್ತದೆ. ದೊಡ್ಡದರಿಂದ ಸಣ್ಣದಕ್ಕೆ ಬರುವಾಗ ಕೆಲಸ ಮಾಡೋದು ಡಿರೇಲರ್ ಒಳಗಿನ ಸ್ಪ್ರಿಂಗ್, ನಾವು ವೈರನ್ನು ಬಿಡುತ್ತೇವೆ ಅಷ್ಟೇ. ಸ್ಪ್ರಿಂಗ್ ಬಲ ಕಡಿಮೆ. ಹಾಗಾಗಿ ಸಣ್ಣ ಚಕ್ರಕ್ಕೆ ಬರಲು ತಡ ಮಾಡಿದರೆ ಔಟರ್ ಒಳಗೆ ತಿಕ್ಕಾಟ ಹೆಚ್ಚಾಗಿದೆ, ಧೂಳು ಅಥವಾ ತುಕ್ಕು ತುಂಬಿದೆ ಅಂತ. ದೊಡ್ಡ ಚಕ್ರಕ್ಕೆ ಹತ್ತಲು ತಡ ಮಾಡಿದರೆ, ಅದೂ ಬಿಗಿ ಮಾಡಿದ ಮೇಲೂ ಮತ್ತೆ ಮತ್ತೆ ತಡ ಮಾಡಿದರೆ, ಎಳೆ ಹರಿಯುತ್ತಿದೆ ಅಂತ. ಮೊದಲನೆಯದು ಸಿಟ್ಟು ತರಿಸುತ್ತದೆ. ಎರಡನೆಯದು ರಸ್ತೆ ಮಧ್ಯೆ ಕೂರಿಸುತ್ತದೆ.

ನಮ್ಮ ಕಡೆ ಮೊದಲನೆಯದೂ ಸಾಕಷ್ಟು. ಬೇಸಿಗೆಯಲ್ಲಿ ಎರಿ ಮಣ್ಣಿನ ಧೂಳು ಹಿಟ್ಟಿನಷ್ಟು ನುಣ್ಣಗೆ ಇರ್ತದೆ, ಇಳಕಲ್ ಸುತ್ತ ಕಲ್ಲಿನ ಪುಡಿ ಬೇರೆ. ಔಟರ್ ಬಾಯಿಯಲ್ಲಿ ಗ್ರೀಸ್ ಮೆತ್ತಿದ್ದರೆ ಇದೆಲ್ಲ ಅದಕ್ಕೆ ಅಂಟಿ ಒಳಗೆ ಹೋಗುತ್ತದೆ. ಹಾಸ್ಟೆಲ್‌ನಲ್ಲಿ ಕೆಲವರು ವೈರ್‌ಗೆ ಕೊಬ್ಬರಿ ಎಣ್ಣೆ ಹಾಕೋದನ್ನು ನೋಡಿದ್ದೇವೆ. ದಯವಿಟ್ಟು ಬೇಡ, ಅದು ತಲೆಗೆ.

ಈಗ ಎಳೆ ಯಾಕೆ ಹರಿಯುತ್ತದೆ ಅನ್ನೋದು. ನಾವು ಮೊದಲು ಅಂದುಕೊಂಡಿದ್ದು, ಯಾರೋ ಜೋರಾಗಿ ಒತ್ತಿ ಹರಿದರು ಅಂತ. ಹಾಗಲ್ಲ. ಬೆರಳಿನಿಂದ ಎಳೆದು 19 ಎಳೆ ಉಕ್ಕು ಹರಿಯೋದು ಆಗದ ಮಾತು. ಹರಿಯೋದು ಬಗ್ಗಿ ಬಗ್ಗಿ. ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಪೇಪರಿನಲ್ಲಿ ಬರುವ ಫಟೀಗ್ ಇದೇ, ಕನ್ನಡದಲ್ಲಿ ಲೋಹದ ದಣಿವು ಅನ್ನಬಹುದು. ಸ್ಟೀಲ್ ಪಿನ್ನನ್ನು ಹತ್ತು ಸಲ ಆ ಕಡೆ ಈ ಕಡೆ ಬಗ್ಗಿಸಿ ಮುರಿಯುತ್ತೇವಲ್ಲ, ಅದೇ ನಿಧಾನವಾಗಿ.

ಲೆಕ್ಕ ಸುಲಭ. ಒಂದು ತಂತಿಯನ್ನು ಗಾಲಿಗೆ ಸುತ್ತಿದರೆ ಅದರ ಹೊರಮೈ ಎಷ್ಟು ಹಿಗ್ಗುತ್ತದೆ ಅನ್ನೋದು, ತಂತಿಯ ದಪ್ಪವನ್ನು ಗಾಲಿಯ ವ್ಯಾಸದಿಂದ ಭಾಗಿಸಿದರೆ ಹತ್ತಿರ ಹತ್ತಿರ ಸಿಗುತ್ತದೆ. ಅಕ್ಕನ ಲಿವರ್ ಒಳಗಿನ ಗಾಲಿ ನಾವು ಅಳೆದಾಗ ಸುಮಾರು 24 ಮಿ.ಮೀ. ಇತ್ತು. ವೈರ್ 1.2 ಮಿ.ಮೀ. ದಪ್ಪದ ಒಂದೇ ತಂತಿ ಆಗಿದ್ದರೆ 1.2 ಭಾಗಿಸು 24, ಅಂದರೆ 5 ಪರ್ಸೆಂಟ್ ಹಿಗ್ಗಬೇಕು. ಬಗ್ಗಿದ್ದು ಬಗ್ಗಿದ ಹಾಗೇ ಉಳಿದುಬಿಡುತ್ತಿತ್ತು, ಕೆಲವು ದಿನಗಳಲ್ಲಿ ಮುರಿಯುತ್ತಿತ್ತು. 19 ಎಳೆ ಮಾಡಿ, ಅವು ಒಂದರ ಮೇಲೊಂದು ಜಾರುತ್ತವೆ ಅಂತ ಹಿಡಿದರೆ, 0.24 ಭಾಗಿಸು 24, ಒಂದೇ ಪರ್ಸೆಂಟ್. ಐದು ಪಟ್ಟು ಕಡಿಮೆ. ವೈರನ್ನು ಹೊಸೆಯೋದು ಇದಕ್ಕೆ. ಆದರೆ ಒಂದು ಪರ್ಸೆಂಟ್ ಕೂಡ ಉಕ್ಕಿಗೆ ಸಣ್ಣದಲ್ಲ. ಲಕ್ಷಾಂತರ ಸಲ ತಡೆಯುವ ಮಟ್ಟದಿಂದ ಅದು ಬಹಳ ಮೇಲೆ. ಹಾಗಾಗಿ ಈ ವೈರ್ ಎಂದೋ ಒಂದು ದಿನ ಹರಿಯಲೇಬೇಕು. ಎಷ್ಟು ಸಲ ಬಗ್ಗಿದೆ ಅನ್ನೋದೇ ಅದರ ವಯಸ್ಸು. ಆಮೇಲೆ ಒಮ್ಮೆ ಬಾದಾಮಿಗೆ ಹೋಗುವಾಗ ಎಣಿಸಿದೆವು. ಸುಮಾರು 40 ಕಿ.ಮೀ.ಗೆ 140 ಸಲ ಹಿಂದಿನ ಗೇರ್ ಬದಲಿಸಿದ್ದೆವು. ಆ ಲೆಕ್ಕದಲ್ಲಿ 3000 ಕಿ.ಮೀ.ಗೆ ಹತ್ತು ಸಾವಿರಕ್ಕೂ ಹೆಚ್ಚು ಸಲ. ರೇಸಿಗೆ ತಾಲೀಮು ಮಾಡುವವರು ಅಷ್ಟು ದೂರವನ್ನು ಕೆಲವೇ ತಿಂಗಳಲ್ಲಿ ಮುಗಿಸ್ತಾರೆ.

ಇದು ಹೊಸ ತಿಳಿವಳಿಕೆ ಏನಲ್ಲ. ಜರ್ಮನಿಯ ಹಾರ್ಟ್ಜ್ ಗುಡ್ಡಗಳ ಗಣಿಯಲ್ಲಿ ವಿಲ್ಹೆಲ್ಮ್ ಆಲ್ಬರ್ಟ್ ಅನ್ನುವ ಅಧಿಕಾರಿ, ಅದಿರು ಎತ್ತುವ ಸರಪಳಿಗಳು ಮತ್ತೆ ಮತ್ತೆ ತುಂಡಾಗೋದನ್ನು ನೋಡಿ, ಸರಪಳಿಗೆ ಸಾವಿರಾರು ಸಲ ಭಾರ ಹಾಕಿ ತೆಗೆದು ಪರೀಕ್ಷೆ ಮಾಡಿದ. ಕೊನೆಗೆ 1834ರಲ್ಲಿ ಕಬ್ಬಿಣದ ತಂತಿಗಳನ್ನೇ ಹೊಸೆದು ಹಗ್ಗ ಮಾಡಿದ. ಸರಪಳಿಯ ಒಂದು ಕೊಂಡಿ ಹೋದರೆ ಎಲ್ಲ ಹೋಯಿತು, ಯಾವ ಸೂಚನೆಯೂ ಇಲ್ಲ. ಹೊಸೆದ ಹಗ್ಗದಲ್ಲಿ ಒಂದು ಎಳೆ ಹೋದರೆ ಉಳಿದವು ಭಾರ ಹೊರುತ್ತವೆ, ಹೋದ ಎಳೆ ಕಣ್ಣಿಗೆ ಕಾಣುತ್ತದೆ. ಗಣಿ ಮತ್ತು ಲಿಫ್ಟ್‌ಗಳಲ್ಲಿ ಇವತ್ತಿಗೂ ಹರಿದ ಎಳೆ ಎಣಿಸಿ, ಇಷ್ಟಾದರೆ ಹಗ್ಗ ಬದಲಿಸಬೇಕು ಅಂತ ನಿಯಮ ಇದೆ. ಸೈಕಲ್ ಗೇರಿನ ತೊಂದರೆ ಏನಂದರೆ, ಎಳೆ ಹರಿಯುವ ಜಾಗ ಲಿವರ್ ಒಳಗೆ, ರಬ್ಬರಿನ ಕೆಳಗೆ, ಗುಂಡಿನಿಂದ ಒಂದೆರಡು ಸೆಂಟಿಮೀಟರ್ ಆಚೆ. ಕಾಣೋದೇ ಇಲ್ಲ. ಅದಕ್ಕೇ ಗೇರ್ ಬೀಳುವ ರೀತಿ ನೋಡಿ ಊಹಿಸಬೇಕು.

ಮತ್ತೆ ರಸ್ತೆಗೆ ಬರೋಣ. ವೈರ್ ಹರಿದರೆ ಸ್ಪ್ರಿಂಗ್ ಡಿರೇಲರನ್ನು ಹೊರಕ್ಕೆ ಎಳೆದು 11 ಹಲ್ಲಿನ ಸಣ್ಣ ಚಕ್ರಕ್ಕೆ ಹಾಕುತ್ತದೆ. ಮುಂದೆ 34 ಹಲ್ಲು. ಪೆಡಲ್ ಒಂದು ಸುತ್ತಿಗೆ ಸೈಕಲ್ ಆರೂವರೆ ಮೀಟರ್ ಹೋಗಬೇಕು. ಹಗುರ ಗೇರಿನಲ್ಲಿ, ಹಿಂದೆ 28 ಹಲ್ಲು ಇದ್ದಾಗ, ಎರಡೂವರೆ ಮೀಟರ್ ಅಷ್ಟೇ. ಏರಿನಲ್ಲಿ ಎರಡೂವರೆ ಪಟ್ಟು ಬಲ ಬೇಕು. ನಮ್ಮ ಪಂಡಿತ ಲಿವರನ್ನು ಇನ್ನೂ ಹತ್ತು ಸಲ ಒತ್ತಿ ನೋಡಿದ. ಇದು ಎರಡನೇ ತಪ್ಪು, ಮೊದಲಿನದಕ್ಕಿಂತ ದೊಡ್ಡದು. ಹರಿದ ಎಳೆಗಳ ಚೂರುಗಳು ಒಳಗಿನ ಹಲ್ಲುಗಳ ಸಂದಿಗೆ ಸಿಕ್ಕಿಕೊಂಡವು. ವೈರ್ ಹರಿಯಿತು ಅಂತ ಅನುಮಾನ ಬಂದ ಕೂಡಲೇ ಲಿವರ್ ಮುಟ್ಟಬಾರದು. ವೈರ್‌ಗೆ ನೂರು ಚಿಲ್ಲರೆ ರೂಪಾಯಿ, ಲಿವರ್‌ಗೆ ಸಾವಿರಗಟ್ಟಲೆ.

ಒಂದು ಕೆಲಸ ಮಾತ್ರ ಸರಿ ಮಾಡಿದೆವು. ಹರಿದಿದ್ದು ಲಿವರ್ ಕಡೆ, ಡಿರೇಲರ್ ಕಡೆ ವೈರ್ ಗಟ್ಟಿಯಾಗಿಯೇ ಇತ್ತು. ಸೈಕಲ್ಲಿನ ಕೆಳಗಿನ ಪೈಪ್ ಉದ್ದಕ್ಕೆ ವೈರ್ ಹೊರಗೆ ಕಾಣುವ ಜಾಗದಲ್ಲಿ ಅದನ್ನು ಹಿಡಿದು, ಚೈನ್ ನಡುವಿನ 17 ಹಲ್ಲಿನ ಚಕ್ರಕ್ಕೆ ಬರುವ ತನಕ ಎಳೆದು, ನೀರಿನ ಬಾಟಲಿ ಕೂರಿಸುವ ಬೋಲ್ಟಿಗೆ ಎರಡು ಸುತ್ತು ಸುತ್ತಿ ಬಿಗಿದೆವು. ಒಂದೇ ಗೇರಿನ ಸೈಕಲ್ ಆಯಿತು. ಎಂಟನೇ ಕ್ಲಾಸಿನಲ್ಲಿ ಸರ್ಕಾರ ಕೊಡುತ್ತಿದ್ದ ಸೈಕಲ್ಲಿನ ಹಾಗೆ. ಹಾಗೇ ತುಳಿದು ಇಳಕಲ್ ಮುಟ್ಟಿದೆವು.

ಇಳಕಲ್ ನಮ್ಮಲ್ಲೊಬ್ಬನ ಊರು. ಅವನ ಓಣಿಯ ಮೂಲೆಯಲ್ಲಿ ಪಂಚರ್ ಅಂಗಡಿ ಕಾಕಾ ಇದ್ದಾರೆ, ಅವರ ಅಂಗಡಿಗೆ ಗೇರ್ ಸೈಕಲ್ ಬರೋದು ಅಪರೂಪ. ನಾವು ಅವಸರದಲ್ಲಿ, "ಕಾಕಾ, ಬ್ರೇಕ್ ವೈರರೆ ಹಾಕಿಬಿಡ್ರಿ, ಬಾಗಲಕೋಟಿ ಮುಟ್ಟಿದರ ಸಾಕು" ಅಂದೆವು. ಅವರು ಎರಡೂ ವೈರ್ ಪಕ್ಕಪಕ್ಕ ಹಿಡಿದು ತೋರಿಸಿದರು. "ಇದರ ತಲಿ ನೋಡು, ಅದರ ತಲಿ ನೋಡು. ಇದು ಅದರಾಗ ಕೂರಂಗಿಲ್ಲ ತಮ್ಮಾ. ಬಡದು ಕೂರಿಸಿದ್ರ ನಾಳೆ ತಗ್ಯಾಕೂ ಬರಂಗಿಲ್ಲ." ಲಿವರ್ ಒಳಗೆ ಟಾರ್ಚ್ ಹಾಕಿ ನೋಡಿ, "ಒಳಗ ಕಸ ಬಾಳ ಐತಿ, ನನ್ನ ಪಕ್ಕಡ ಹೋಗಂಗಿಲ್ಲ. ನಿಮ್ಮ ಅತ್ತಿ ಮನ್ಯಾಗ ಮಗ್ಗ ಐತಲ್ಲ, ಎಳಿ ಎಳಿಯೂ ಕೊಕ್ಕಿ ಇಸ್ಕೊಂಡು ಬಾ" ಅಂದರು.

ಇಳಕಲ್ ಸೀರೆಯ ಮಗ್ಗದಲ್ಲಿ ಹಾಸಿನ ಎಳೆಗಳನ್ನು ಹಣಿಗೆಯ ಸಂದಿಯಿಂದ ಒಂದೊಂದಾಗಿ ಎಳೆಯಬೇಕು, ಅದಕ್ಕೆ ತೆಳ್ಳಗಿನ ಒಂದು ಕೊಕ್ಕೆ ಇರ್ತದೆ. ಆ ಕೊಕ್ಕೆ ಹಿಡಿದು ಅತ್ತೆಯೇ ಬಂದರು. ಸೀರೆ ಮೈಯ ಹಾಸಿಗೆ ಸೆರಗಿನ ಹಾಸನ್ನು ಒಂದೊಂದೇ ಎಳೆಯಾಗಿ ಕೊಂಡಿ ಹಾಕಿ ಜೋಡಿಸುವ ಕೈ ಅದು. ಹತ್ತು ನಿಮಿಷದಲ್ಲಿ ಹರಿದ ತಂತಿ ಚೂರು ಏಳು ತೆಗೆದರು, ಕೊನೆಗೆ ಗುಂಡು. ಅಷ್ಟರಲ್ಲಿ ಒಂದು ಮಾತು ಕೇಳಿದರು: "ಹರಿಯೂ ಮೊದಲ ಎಳಿ ನವರು ಬಿಟ್ಟಿರ್ತೈತಿ. ನೀವು ಕೈಯಾಡಿಸಿ ನೋಡಿದ್ದಿಲ್ಲೇನು?" ನೋಡಿದ್ದಿಲ್ಲ. ಅವರು ಹಾಸಿಗೆ ಗಂಜಿ ಹಾಕೋದೇ ಎಳೆ ಹಣಿಗೆಗೆ ತಿಕ್ಕಿ ನವರು ಏಳಬಾರದು ಅಂತ. ಒಂದು ಎಳೆ ಏಳಲು ಶುರುವಾದರೆ ಮಗ್ಗ ನಿಲ್ಲಿಸ್ತಾರೆ. ನಾವು ತಿರುಪು ತಿರುಗಿಸಿದ್ದೆವು.

ಸಂಜೆ ಸೈಕಲ್ ಬಸ್ಸಿನ ಮೇಲೆ ಹಾಕಿಕೊಂಡು ಬಂದು ಅಕ್ಕನ ಮುಂದೆ ನಿಂತೆವು. ಬೈಗುಳಕ್ಕೆ ತಯಾರಾಗಿಯೇ ಹೋಗಿದ್ದೆವು. ಅವಳು ಬೈಯಲಿಲ್ಲ, ಅದೇ ಕಷ್ಟ ಆಯಿತು. "ಬಾದಾಮಿಗೆ ಹೋದಾಗನ ಗೇರ್ ಹತ್ತಾಕ ತಡ ಮಾಡತಿತ್ತೇನು?" ಅಂದಳು. ಹೌದು ಅಂದೆವು. "ಅವತ್ತ ಒಂದು ಫೋನ್ ಮಾಡಿದ್ದ್ರ ಸಾಕಿತ್ತಲ್ಲೋ." ಬಾಗಲಕೋಟೆಯಲ್ಲಿ ನಾವು ಕೇಳಿದ ಎರಡು ಅಂಗಡಿಯಲ್ಲಿ ಆ ಗುಂಡಿನ ವೈರ್ ಇರಲಿಲ್ಲ. ವಿಜಯಪುರದಲ್ಲಿರುವ ಅವಳ ಗೆಳತಿಯೊಬ್ಬಳು ಬಸ್ಸಿನಲ್ಲಿ ಕಳಿಸುವ ತನಕ ನಾಲ್ಕು ದಿನ. ಅವಳ ಪರೀಕ್ಷೆ ಮುಗಿದಿತ್ತು, ಟ್ರಯಲ್‌ಗೆ ಉಳಿದಿದ್ದ ದಿನಗಳಲ್ಲಿ ನಾಲ್ಕು ಹೀಗೆ ಹೋದವು. ವೈರ್ ಬಂದ ಮೇಲೆ ಹಾಕಿದ್ದು ನಾವು, ಹೇಳಿಕೊಟ್ಟಿದ್ದು ಅವಳು.

ಮೊದಲು ಲಿವರನ್ನು ಅತಿ ಸಣ್ಣ ಚಕ್ರದ ಸ್ಥಾನಕ್ಕೆ ತರಬೇಕು. ಆಗ ಮಾತ್ರ ಗಾಲಿಯಲ್ಲಿ ಗುಂಡು ಕೂತ ತೂತು ಹೊರಗಿನ ತೂತಿಗೆ ನೇರ ಬರುತ್ತದೆ. ಬೇರೆ ಗೇರಿನಲ್ಲಿ ಇಟ್ಟು ಎಷ್ಟು ತಳ್ಳಿದರೂ ಗುಂಡು ಹೊರಗೆ ಬರೋಲ್ಲ. ಡಿರೇಲರ್ ಬೋಲ್ಟ್ ಸಡಿಲಿಸಿ, ತುದಿಯ ಟೋಪಿ ಕತ್ತರಿಸಿ, ಹಳೆ ವೈರ್ ಎಳೆಯಿರಿ. ಬೋಲ್ಟ್ ಕೆಳಗೆ ವೈರ್ ಯಾವ ಬದಿಯಲ್ಲಿ ಕೂತಿತ್ತು ಅಂತ ಬಿಚ್ಚುವ ಮೊದಲೇ ಫೋಟೋ ತೆಗೆದುಕೊಳ್ಳಿ. ಬದಿ ತಪ್ಪಿದರೆ ಎಳೆತದ ಲೆಕ್ಕ ತಪ್ಪಿ ಗೇರ್ ಎಂದೂ ಹೊಂದೋದಿಲ್ಲ. ಆಮೇಲೆ ಔಟರ್. ಹೊಸ ಇನ್ನರ್ ಕೈಯಿಂದ ತಳ್ಳಿದರೆ ಬೆಣ್ಣೆಯಲ್ಲಿ ಹೋದ ಹಾಗೆ ಹೋಗಬೇಕು, ಎಲ್ಲಾದರೂ ತಡೆದರೆ ಆ ತುಂಡನ್ನು ಬದಲಿಸಿ. ಗೇರಿನ ಔಟರ್ ಒಳಗೆ ಉದ್ದುದ್ದ ತಂತಿಗಳು ಇರುತ್ತವೆ, ಪಕ್ಕಡದಲ್ಲಿ ಕತ್ತರಿಸಿದರೆ ಬಾಯಿ ಚಪ್ಪಟೆಯಾಗುತ್ತದೆ. ಕೇಬಲ್ ಕಟ್ಟರ್ ಬೇಕು. ಕತ್ತರಿಸಿದ ಮೇಲೆ ತುದಿಯನ್ನು ಅರದಿಂದ ಸಮ ಮಾಡಿ, ಒಳಗಿನ ಪ್ಲಾಸ್ಟಿಕ್ ನಳಿಕೆಯ ಬಾಯನ್ನು ಸೂಜಿಯಿಂದ ಬಿಡಿಸಿ, ತುದಿಗೆ ಟೋಪಿ ಹಾಕಿ. ನಮಗೆ ಇದಕ್ಕೇ ಅರ್ಧ ಗಂಟೆ ಹಿಡಿಯಿತು, ಉಳಿದದ್ದಕ್ಕೆ ಹತ್ತು ನಿಮಿಷ. ಗ್ರೀಸ್ ಮೆತ್ತಬೇಡಿ, ತೆಳು ಎಣ್ಣೆ ಒಂದು ಹನಿ ಸಾಕು. ವೈರನ್ನು ಕೈಯಿಂದ ಎಳೆದು ಹಿಡಿದು ಬೋಲ್ಟ್ ಬಿಗಿಯಿರಿ, 6 ನ್ಯೂಟನ್ ಮೀಟರ್ ಆಸುಪಾಸು. ಆಮೇಲೆ ಹೊರಗೆ ಕಾಣುವ ವೈರನ್ನು ಎರಡು ಮೂರು ಸಲ ಪಕ್ಕಕ್ಕೆ ಜಗ್ಗಿ, ಔಟರ್ ತುದಿಗಳು ಕೂತ ಮೇಲೆ ಮತ್ತೆ ಬಿಗಿ ಮಾಡಿ. ಉಳಿದ ಸಣ್ಣ ವ್ಯತ್ಯಾಸ ತಿರುಪಿನಿಂದ, ಒಂದು ಸಲಕ್ಕೆ ಕಾಲು ಸುತ್ತು. ತುದಿಯಲ್ಲಿ ಮೂರು ನಾಲ್ಕು ಸೆಂಟಿಮೀಟರ್ ಬಿಟ್ಟು ಕತ್ತರಿಸಿ ಟೋಪಿ ಒತ್ತಿ. ಟೋಪಿ ಇಲ್ಲದಿದ್ದರೆ ಅಲ್ಲಿಂದಲೇ ನವರು ಏಳುತ್ತದೆ, ಕಾಲಿಗೂ ಚುಚ್ಚುತ್ತದೆ.

ಗೇರಿನ ಔಟರ್ ತುಂಡು ಉಳಿದರೆ ಅದನ್ನು ಬ್ರೇಕಿಗೆ ಮಾತ್ರ ಹಾಕಬೇಡಿ. ಬ್ರೇಕಿನ ಔಟರ್‌ನಲ್ಲಿ ತಂತಿ ಸ್ಪ್ರಿಂಗಿನ ಹಾಗೆ ಸುತ್ತಿರುತ್ತದೆ, ಜೋರಾಗಿ ಬ್ರೇಕ್ ಹಿಡಿದರೂ ತಡೆಯುತ್ತದೆ. ಗೇರಿನದು ಆ ಬಲಕ್ಕೆ ಸೀಳಿಹೋಗಬಹುದು, ಅದೂ ನಿಮಗೆ ಬ್ರೇಕ್ ಬೇಕಾದ ಗಳಿಗೆಯಲ್ಲಿ. ಗೇರ್ ಹೋದರೆ ಬೆವರು ಹೋಗುತ್ತದೆ, ಬ್ರೇಕ್ ಹೋದರೆ ಜೀವ.

ತಿಂಗಳಿಗೊಮ್ಮೆ ನೋಡಬೇಕಾದ್ದು ಮೂರೇ ಜಾಗ. ಡಿರೇಲರ್ ಬೋಲ್ಟ್ ಹತ್ತಿರ, ಪೆಡಲ್ ಕೆಳಗೆ ವೈರ್ ತಿರುಗುವಲ್ಲಿ, ಲಿವರ್ ಒಳಗೆ. ಹೊರಗೆ ಕಾಣುವ ಭಾಗಕ್ಕೆ ಚೂರು ಹತ್ತಿ ಸವರಿ ನೋಡಿ, ಒಂದು ಎಳೆ ಹರಿದಿದ್ದರೂ ಹತ್ತಿ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಬರಿ ಬೆರಳು ಆಡಿಸಬೇಡಿ, ಚುಚ್ಚಿದ ಮೇಲೆ ಗೊತ್ತಾಗುತ್ತದೆ. ಲಿವರ್ ಮೇಲಿನ ರಬ್ಬರ್ ಸರಿಸಿ ಮೊಬೈಲ್ ಟಾರ್ಚ್ ಹಾಕಿದರೆ ಗುಂಡಿನ ಪಕ್ಕದ ಭಾಗ ಸ್ವಲ್ಪ ಕಾಣುತ್ತದೆ. ಕಂಡರೂ ಕಾಣದಿದ್ದರೂ ಅಕ್ಕನ ಲೆಕ್ಕ ಒಂದೇ: 3000 ಕಿ.ಮೀ. ಆದರೆ, ಅಥವಾ ವರ್ಷ ಆದರೆ, ಯಾವುದು ಮೊದಲೋ ಅದಕ್ಕೆ ಇನ್ನರ್ ಬದಲು. ಎರಡು ಇನ್ನರ್‌ಗೆ ಒಂದು ಔಟರ್. ನಾವು ತರಿಸಿದ ವೈರ್‌ಗೆ 120 ರೂಪಾಯಿ ಆಯಿತು. ಒಂದು ವೈರ್ ಯಾವಾಗಲೂ ಸುರುಳಿ ಮಾಡಿ ಸೀಟಿನ ಕೆಳಗಿನ ಚೀಲದಲ್ಲಿ ಇರಲಿ, ನಮ್ಮ ಊರುಗಳಲ್ಲಿ ಬೇಕಾದಾಗ ಸಿಗೋದಿಲ್ಲ.

ಹರಿದ ಗುಂಡನ್ನು ಅತ್ತೆ ನಮ್ಮ ಕೈಗೇ ಕೊಟ್ಟಿದ್ದರು. ಅದನ್ನೂ ಚೂರುಗಳನ್ನೂ ಲ್ಯಾಬಿನ ಮೈಕ್ರೋಸ್ಕೋಪ್ ಕೆಳಗೆ ಇಟ್ಟು ನೋಡಿದೆವು. ಎಳೆಯ ತುದಿಗಳು ಎರಡು ಥರ ಇದ್ದವು. ಎಂಟು ಎಳೆಗಳ ತುದಿ ಹೊಳೆಯುತ್ತಿತ್ತು, ಸಣ್ಣಗೆ ಎಳೆದು ಚೂಪಾಗಿತ್ತು. ಅವು ಆ ದಿನ ರಸ್ತೆಯಲ್ಲಿ ಭಾರ ತಾಳದೆ ಹರಿದವು. ಉಳಿದ ಹನ್ನೊಂದರ ತುದಿ ಚಾಕುವಿನಲ್ಲಿ ಕತ್ತರಿಸಿದ ಹಾಗೆ ಸಪಾಟು, ಕಂದು ತುಕ್ಕು ಹಿಡಿದಿತ್ತು. ಅವು ಆ ದಿನದವಲ್ಲ, ತುಕ್ಕು ಹಿಡಿಯುವಷ್ಟು ಮೊದಲೇ ಹರಿದಿದ್ದವು. ಅಮೀನಗಡದಲ್ಲಿ ಕರದಂಟು ತಿನ್ನುತ್ತಾ ಕೊನೆಯ ಅರ್ಧ ಸುತ್ತು ತಿರುಗಿಸಿದಾಗ ಅಕ್ಕನ ಸೈಕಲ್ ಬಹುಶಃ ಅರ್ಧಕ್ಕಿಂತ ಕಡಿಮೆ ವೈರಿನ ಮೇಲೆ ಓಡುತ್ತಿತ್ತು.

ಟ್ರಯಲ್‌ನಲ್ಲಿ ಅಕ್ಕ ಆಯ್ಕೆ ಆಗಲಿಲ್ಲ. ಅದಕ್ಕೂ ವೈರ್‌ಗೂ ಸಂಬಂಧ ಇಲ್ಲ ಅಂತ ಅವಳೇ ಹೇಳ್ತಾಳೆ, ಕೊನೆಯ ಸುತ್ತಿನಲ್ಲಿ ಕಾಲು ಸೋತಿತ್ತಂತೆ. ನಾವು ಮಾತ್ರ ಆ ನಾಲ್ಕು ದಿನ ಮರೆತಿಲ್ಲ. ಈಗ ಅವಳ ಸೈಕಲ್ಲಿನ ಕೆಳಗಿನ ಪೈಪ್ ಮೇಲೆ ಬಿಳಿ ಟೇಪಿನ ಒಂದು ತುಂಡು ಇದೆ, ಅದರ ಮೇಲೆ ವೈರ್ ಹಾಕಿದ ತಾರೀಖು, ಮೀಟರಿನ ಕಿಲೋಮೀಟರ್. ನಮ್ಮ ಮೂರು ಸೈಕಲ್ಲಿಗೂ ಅಂಥದೇ ಅಂಟಿಸಿದ್ದೇವೆ. ಮುಂದಿನ ತಿಂಗಳು ಅವಳದ್ದು 3000 ಮುಟ್ಟುತ್ತದೆ, ವೈರ್ ಆಗಲೇ ತರಿಸಿ ಇಟ್ಟಿದ್ದೇವೆ.